ಗುಂಡ್ಲುಪೇಟೆಯಲ್ಲಿ ನಿಲ್ಲದ ನಾನೂರೈವತ್ತು

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಇಳಿದ ಹುಡುಗರು ಆಗಾಗ ಬಂದು, ಇಷ್ಟು ವರ್ಷ ಮಾಡಿದ್ದೀರಲ್ಲ ಸಾರ್, ನಿಮಗೆ ಎಲ್ಲಾ ಗೊತ್ತಿರುತ್ತೆ ಎನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೆ ನಿಜ ಬೇರೆ. ನನ್ನ ಕೆಲಸದ ಬಹುಪಾಲು ಕಾಲ ನಾನು ತಲೆ ಕೆರೆದುಕೊಳ್ಳುತ್ತಲೇ ಕಳೆದೆ. ಮಿಷನ್ ಬಿಚ್ಚುವ ಮೊದಲು ಗೊಂದಲ, ಬಿಚ್ಚಿದ ಮೇಲೆ ಇನ್ನಷ್ಟು ಗೊಂದಲ, ಸರಿಯಾದರೆ ಯಾಕೆ ಸರಿಯಾಯಿತು ಎಂದು ಮತ್ತೊಂದು ಗೊಂದಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಸಮಾಧಾನ, ನನಗೂ ಸಮಾಧಾನ.

ತೊಂಬತ್ತರ ದಶಕದಲ್ಲಿ ನಾನು ಮೈಸೂರಿನ ಒಬ್ಬ ಕಂಪ್ಯೂಟರ್ ವ್ಯಾಪಾರಿಯ ಕಡೆಯಿಂದ ಚಾಮರಾಜನಗರದಲ್ಲಿ ಕೂತಿದ್ದೆ. ಚಾಮರಾಜನಗರ, ಗುಂಡ್ಲುಪೇಟೆ, ಸುತ್ತಲ ಹೋಬಳಿಗಳಲ್ಲಿ ಅವರು ಮಾರಿದ ಮಿಷನ್ನುಗಳಿಗೆಲ್ಲ ನಾನೊಬ್ಬನೇ ವೈದ್ಯ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಒಂದು ಟೇಬಲ್ಲು, ಒಂದು ಮೀಟರು, ಸ್ಕ್ರೂಡ್ರೈವರುಗಳ ಚೀಲ. ಜನ ನನ್ನನ್ನು ಎಂಜಿನಿಯರ್ ಎಂದು ಕರೆಯುತ್ತಿದ್ದರು. ನಾನು ಓದಿದ್ದು ಡಿಪ್ಲೊಮಾ. ತಿದ್ದಲು ಹೋಗಲಿಲ್ಲ.

ಮೈಸೂರಿನ ನಮ್ಮ ಯಜಮಾನರಿಗೆ ಯಾವ ತೊಂದರೆ ಹೇಳಿದರೂ ಉತ್ತರ ಒಂದೇ: ಎಸ್‌ಎಂಪಿಎಸ್ ಬದಲಾಯಿಸು. ಎಸ್‌ಎಂಪಿಎಸ್ ಅಂದರೆ ಗೋಡೆಯಿಂದ ಬರುವ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ಸಣ್ಣ ವೋಲ್ಟುಗಳಾಗಿ ಮಾಡಿಕೊಡುವ ತಗಡಿನ ಡಬ್ಬಿ. ಮೌಸ್ ಓಡದಿದ್ದರೂ ಅವರು ಅದನ್ನೇ ಬದಲಾಯಿಸಲು ಹೇಳುತ್ತಿದ್ದರು. ನಗಬೇಡಿ. ನಮ್ಮ ಸೀಮೆಯಲ್ಲಿ ಹತ್ತರಲ್ಲಿ ಆರೇಳು ಸಲ ಅವರ ಮಾತು ಸರಿಯಾಗುತ್ತಿತ್ತು, ಅದೇ ನನ್ನ ಹೊಟ್ಟೆಯುರಿ.

ಯಾಕೆಂದರೆ ನಮ್ಮಲ್ಲಿ ಕರೆಂಟು ಅನ್ನುವುದು ಮನಸ್ಸು ಬಂದ ಹಾಗೆ ಬರುವ ನೆಂಟ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕೊಟ್ಟ ಕೂಡಲೇ ಹೊಲದಲ್ಲಿನ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದು ಊರಿನ ಬಲ್ಬುಗಳು ಕೆಂಪಗಾಗುತ್ತಿದ್ದವು. ಆಗಿನ ಎಸ್‌ಎಂಪಿಎಸ್ ಹಿಂಭಾಗದಲ್ಲಿ ಒಂದು ಕೆಂಪು ಸ್ವಿಚ್ಚಿರುತ್ತಿತ್ತು, ಒಂದು ಕಡೆ ನೂರಾ ಹದಿನೈದು, ಇನ್ನೊಂದು ಕಡೆ ಇನ್ನೂರಾ ಮೂವತ್ತು. ಹೊರದೇಶಗಳಲ್ಲಿ ಕಡಿಮೆ ವೋಲ್ಟಿನ ಕರೆಂಟು ಇರುವ ಕಡೆಗೆಂದು ಆ ಸ್ವಿಚ್ಚು. ಚಾಮರಾಜನಗರದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಒಬ್ಬ ಮೇಷ್ಟ್ರು ಇದನ್ನು ಕಂಡು ಯೋಚನೆ ಮಾಡಿದರು. ನಮ್ಮೂರಲ್ಲಿ ಸಂಜೆ ಹೊತ್ತು ಇನ್ನೂರಾ ಮೂವತ್ತು ಎಲ್ಲಿ ಬರುತ್ತದೆ, ಇದ್ದುದರಲ್ಲಿ ಹೊಂದಿಕೊಂಡು ಹೋಗಲಿ ಎಂದು ಸ್ವಿಚ್ಚನ್ನು ನೂರಾ ಹದಿನೈದರ ಕಡೆಗೆ ಎಳೆದರು. ಅದೇ ಹೊತ್ತಿಗೆ ಪಂಪುಗಳು ನಿಂತು ವೋಲ್ಟೇಜು ಎದ್ದಿತು. ದೊಡ್ಡ ಸದ್ದು, ಸುಟ್ಟ ವಾಸನೆ. ನಾನು ಹೋಗಿ ನೋಡಿದರೆ ಮೇಷ್ಟ್ರು ಬಹಳ ಬೇಸರದಿಂದ, 'ಕಷ್ಟಕ್ಕೆ ಹೊಂದ್ಕತದೆ ಅನ್ಕಂಡೆ ಕಣಪ್ಪ, ಸುಖಾನೇ ತಡೀಲಿಲ್ಲ' ಅಂದರು. ನನಗೆ ನಗು ಬಂತು, ಆದರೆ ಅವರ ಲೆಕ್ಕಾಚಾರದಲ್ಲಿ ತಪ್ಪು ಎಲ್ಲಿದೆ ಎಂದು ಅವರಿಗೆ ವಿವರಿಸಲು ನನಗೂ ಅರ್ಧ ದಿನ ಬೇಕಾಯಿತು.

ಇಂಥವು ಬೇಕಾದಷ್ಟಿವೆ. ಮದ್ದೂರಿನ ಕಡೆ ಜನರೇಟರಿನ ಮೇಲೆ ಓಡುತ್ತಿದ್ದ ಒಂದು ಮಿಷನ್ನಿನ ಪರದೆ ಸದಾ ನಡುಗುತ್ತಿತ್ತು, ಯಾಕೆಂದು ಇವತ್ತಿಗೂ ನನಗೆ ಪೂರ್ತಿ ಗೊತ್ತಿಲ್ಲ. ಆದರೆ ನಾನು ಬರೆಯಬೇಕೆಂದು ಕೂತದ್ದು ಗುಂಡ್ಲುಪೇಟೆಯ ಫೋಟೋ ಸ್ಟುಡಿಯೋದ ಕಥೆಯನ್ನು. ನನ್ನನ್ನು ಅಷ್ಟು ಕಾಡಿದ ಮಿಷನ್ ಇನ್ನೊಂದಿಲ್ಲ.

ಸ್ಟುಡಿಯೋ ನಂಜುಂಡಣ್ಣನದು. ಮೈಸೂರು ರಸ್ತೆಯಲ್ಲಿ ಎರಡು ಕೋಣೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಪರದೆ, ಸ್ಟೂಲು, ಎರಡು ದೊಡ್ಡ ದೀಪಗಳು. ಹಿಂದಿನದು ಫಿಲಂ ತೊಳೆಯುತ್ತಿದ್ದ ಕತ್ತಲ ಕೋಣೆ. ಕಲರ್ ಲ್ಯಾಬುಗಳು ಬಂದ ಮೇಲೆ ಕತ್ತಲ ಕೋಣೆಗೆ ಕೆಲಸವಿಲ್ಲದೆ, ಅಲ್ಲಿ ಕಂಪ್ಯೂಟರ್ ಬಂದು ಕೂತಿತ್ತು. ಮದುವೆ ವಿಡಿಯೋಗಳನ್ನು ಮೈಸೂರಿಗೆ ಕಳಿಸಿ ಮಿಕ್ಸಿಂಗ್ ಮಾಡಿಸುವ ಬದಲು ಇಲ್ಲೇ ಮಾಡೋಣ ಎಂದು ಅವರ ಮಗಳು ಸವಿತಾ ಹಟ ಹಿಡಿದು ತರಿಸಿದ್ದಳು. ಪಿಯುಸಿ ಮುಗಿಸಿ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಕಂಪ್ಯೂಟರ್ ಕೋರ್ಸು ಮಾಡಿದ್ದ ಹುಡುಗಿ. ಗಂಡು ಹೆಣ್ಣಿನ ಮುಖವನ್ನು ಕಮಲದ ಹೂವಿನೊಳಗೆ ಕೂರಿಸುವುದು, ಅರಿಶಿನದ ಶಾಸ್ತ್ರದ ಮೇಲೆ ಹೃದಯಗಳನ್ನು ಹಾರಿಸುವುದು, ಧಾರೆಯ ಹೊತ್ತಿಗೆ ಆಕಾಶದಿಂದ ಹೂ ಸುರಿಸುವುದು, ಇದೆಲ್ಲ ಅವಳ ಕೈಕೆಲಸ. ಊರಿನವರಿಗೆ ತುಂಬಾ ಹಿಡಿಸಿತ್ತು.

ತೊಂದರೆ ಏನೆಂದರೆ, ಹೂ ಸುರಿಸಿದ ಮೇಲೆ ಅದೆಲ್ಲವನ್ನೂ ಸೇರಿಸಿ ಒಂದು ವಿಡಿಯೋ ಮಾಡಲು ಕಂಪ್ಯೂಟರ್ ಬೆಳಗಿನಿಂದ ಸಂಜೆಯವರೆಗೆ ತಾನೇ ಕೂತು ಲೆಕ್ಕ ಹಾಕಬೇಕು. ಹೀಗೆ ಲೆಕ್ಕ ಹಾಕುತ್ತಾ ಹಾಕುತ್ತಾ ಮಿಷನ್ ಇದ್ದಕ್ಕಿದ್ದ ಹಾಗೆ ಆರಿ ತಾನೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮದುವೆಯವರು ಕ್ಯಾಸೆಟ್ ಕೇಳಿಕೊಂಡು ಅಂಗಡಿಗೆ ಬರುತ್ತಿದ್ದರು, ನಂಜುಂಡಣ್ಣ ಅವರೆದುರು ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿತ್ತು. ಆ ಮನುಷ್ಯ ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ನಾನು ಮೊದಲ ಸಲ ಹೋದಾಗಲೇ ಮಗಳ ಎದುರಿಗೇ ನನಗೆ ಹೇಳಿದರು: 'ಆಷಾಢ ಕಳಿಯೋದ್ರೊಳ್ಗೆ ಇದು ನೆಟ್ಗಾಗ್ಬೇಕು ಸಾ. ಆಗ್ನಿಲ್ಲ ಅಂದ್ರೆ ಮಾರ್ಬುಡ್ತೀನಿ. ಸಂತೇಮರಳ್ಳೀಲಿ ಇವ್ಳ ಸೋದರತ್ತೆ ಬಟ್ಟೆ ಅಂಗ್ಡಿ ಮಡ್ಗವ್ಳೆ, ಅಲ್ಲೋಗಿ ಕೂತ್ಕಳ್ಲಿ.'

ಸವಿತಾ ನನ್ನ ಮುಖ ನೋಡಿದಳು. ಆ ನೋಟ ನನಗೆ ಭಾರವಾಯಿತು, ಯಾಕೆಂದರೆ ಅವಳು ಕಂಪ್ಯೂಟರಿನ ಮುಂದೆ ಇರುತ್ತಾಳೋ ಸೀರೆ ಮಡಿಚುತ್ತಾಳೋ ಎನ್ನುವುದು ಈಗ ನನ್ನ ಸ್ಕ್ರೂಡ್ರೈವರಿಗೆ ಬಂದು ನಿಂತಿತ್ತು.

ನಾನು ಬೆಳಗಿನಿಂದ ಸಂಜೆಯವರೆಗೆ ಆ ಮಿಷನ್ನಿನ ಎದುರು ಕೂತೆ. ಒಮ್ಮೆಯೂ ಆರಲಿಲ್ಲ. ನಂಜುಂಡಣ್ಣ ಎರಡು ಸಲ ಕಾಫಿ ತರಿಸಿದರು, ಮಧ್ಯಾಹ್ನ ಮನೆಯಿಂದ ಮುದ್ದೆ, ಅವರೆಕಾಳಿನ ಸಾರು ಬಂತು. ನಾನು ಹೊರಡುವವರೆಗೆ ಎಲ್ಲ ಚೆನ್ನಾಗಿತ್ತು. ನಾನು ಬಸ್ಸು ಹತ್ತಿ ತೆರಕಣಾಂಬಿ ದಾಟುವಷ್ಟರಲ್ಲಿ ಆರಿತಂತೆ. ಮರುದಿನ ಫೋನಿನಲ್ಲಿ ಕೇಳಿ ನನಗೆ ನಂಬಲಾಗಲಿಲ್ಲ.

ಎರಡನೇ ಸಲ ಹೋದಾಗ ಮಿಷನ್ ಬಿಚ್ಚಿದೆ. ಆಗಿನ ಆ ಪ್ರೊಸೆಸರ್ ಈಗಿನಂತೆ ಚೌಕದ ಬಿಲ್ಲೆಯಲ್ಲ, ಕ್ಯಾಸೆಟ್ಟಿನ ಹಾಗೆ ನಿಲ್ಲಿಸಿ ಸಿಕ್ಕಿಸುವ ಒಂದು ಹಲಗೆ. ಅದರ ಅಂಚಿನಲ್ಲಿ ಸಾಲಾಗಿ ಹೊಳೆಯುವ ಪಟ್ಟಿಗಳು. ಅದರಲ್ಲಿ ಒಂದೇ ಒಂದು ಪಟ್ಟಿಯ ಮೇಲೆ ಗುಲಾಬಿ ಬಣ್ಣ ಹಚ್ಚಿತ್ತು. ನಾನು ತುಕ್ಕೋ ಏನೋ ಎಂದು ಕೆರೆಯಲು ಹೋದರೆ ಸವಿತಾ ಬೇಡ ಸಾರ್ ಎಂದು ತಡೆದಳು. ಕತ್ತಲ ಕೋಣೆಯ ಬಾಗಿಲು ಹಾಕಿ ಬಂದು ಮೆಲ್ಲಗೆ ಹೇಳಿದಳು. ಅದು ಉಗುರಿಗೆ ಹಚ್ಚುವ ಬಣ್ಣ. ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಓದಿದ್ದಳಂತೆ: ಆ ಪಟ್ಟಿಯನ್ನು ಮುಚ್ಚಿಬಿಟ್ಟರೆ ಮದರ್‌ಬೋರ್ಡ್ ಮೋಸಹೋಗಿ ಅರವತ್ತಾರರ ತಾಳದ ಬದಲು ನೂರರ ತಾಳ ಹಾಕುತ್ತದೆ, ಮುನ್ನೂರು ಮೆಗಾಹರ್ಟ್ಸ್‌ನ ಪ್ರೊಸೆಸರ್ ನಾನೂರೈವತ್ತಕ್ಕೆ ಓಡುತ್ತದೆ. ಸಂಜೆ ಮುಗಿಯುವ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

ನಾನು ಓವರ್‌ಕ್ಲಾಕಿಂಗ್ ಬಗ್ಗೆ ಕೇಳಿದ್ದೆ, ಕಂಡದ್ದು ಅವತ್ತೇ. ಗುಂಡ್ಲುಪೇಟೆಯಲ್ಲಿ, ಉಗುರುಬಣ್ಣದಲ್ಲಿ. ಒಂದು ಕಡೆ ಬೆರಗು, ಒಂದು ಕಡೆ ಸಿಟ್ಟು. ಕಳ್ಳ ಸಿಕ್ಕಿದ ಎಂದುಕೊಂಡು, ಮೊದಲು ಇದನ್ನು ಅಳಿಸಮ್ಮಾ ಅಂದೆ. ಅಳಿಸಿದಳು. ಅಪ್ಪನಿಗೆ ಹೇಳಬೇಡಿ ಎಂದು ಕೇಳಿಕೊಂಡಳು. ನಾನು ಹೇಳಲಿಲ್ಲ.

ಮುನ್ನೂರರಲ್ಲಿ ಮಿಷನ್ ಆರುವುದು ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ಇದು ನನ್ನ ತಲೆ ಇನ್ನಷ್ಟು ಕೆಡಿಸಿತು. ವೇಗವೇ ಕಾರಣವಾಗಿದ್ದರೆ ಪೂರ್ತಿ ನಿಲ್ಲಬೇಕಿತ್ತು. ಬೇರೆ ಕಾರಣವಾಗಿದ್ದರೆ ಕಡಿಮೆ ಯಾಕಾಯಿತು? ಇತ್ತ ಮುನ್ನೂರರ ವೇಗದಲ್ಲಿ ಬಾಕಿ ಬಿದ್ದ ಮದುವೆಗಳು ಆಷಾಢದೊಳಗೆ ಮುಗಿಯುವಂತಿರಲಿಲ್ಲ. ಸವಿತಾ ಮತ್ತೆ ಬಣ್ಣ ಹಚ್ಚಿದಳು.

ಆಮೇಲೆ ಮಿಷನ್ನನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಚಾಮರಾಜನಗರಕ್ಕೆ ತಂದೆ. ನನ್ನ ಕೋಣೆಯಲ್ಲಿ ಅದೇ ನಾನೂರೈವತ್ತಕ್ಕೆ ದಿನಗಟ್ಟಲೆ ಓಡಿಸಿದೆ. ಕೆಮ್ಮಲೂ ಇಲ್ಲ. ಯಜಮಾನರಿಗೆ ಫೋನ್ ಮಾಡಿದೆ. ಏನು ಹೇಳಿದರೆಂದು ನಿಮಗೇ ಗೊತ್ತು. ಬದಲಾಯಿಸಿದೆ. ಆದರೆ ಅವರು ಕಳಿಸಿದ್ದು ಹಳೆಯದರ ಅಣ್ಣತಮ್ಮನೇ, ಮೇಲೆ ಇನ್ನೂರೈವತ್ತು ವ್ಯಾಟ್ ಎಂದು ಬರೆದಿದ್ದರೂ ಕೈಯಲ್ಲಿ ಹಿಡಿದರೆ ಖಾಲಿ ಟಿಫನ್ ಡಬ್ಬಿಯಷ್ಟು ಹಗುರ. ಗುಂಡ್ಲುಪೇಟೆಗೆ ವಾಪಸ್ ತಂದು ಇಟ್ಟ ಮರುದಿನ ಮತ್ತೆ ಆರಿತು.

ಈಗ ನಾನು ಕಂಡಕಂಡದ್ದನ್ನೆಲ್ಲ ಅನುಮಾನಿಸತೊಡಗಿದೆ. ಬಿಸಿಗೆ ಹೀಗಾಗುತ್ತಿದೆ ಎಂದು ಇನ್ನೊಂದು ಫ್ಯಾನ್ ಹಾಕಿದೆ. ಅರ್ತಿಂಗ್ ಗುಂಡಿ ಒಣಗಿದೆ ಎಂದು ಅಂಗಡಿಯ ಹಿಂದೆ ಬಿಂದಿಗೆಗಟ್ಟಲೆ ನೀರು ಹೊಯ್ಯಿಸಿದೆ. ಪ್ರೊಸೆಸರಿಗೆ ಶಕ್ತಿ ಸಾಲುತ್ತಿಲ್ಲ ಎಂದು ಸೆಟ್ಟಿಂಗಿನಲ್ಲಿ ಅದರ ವೋಲ್ಟೇಜನ್ನು ಎರಡು ವೋಲ್ಟಿನಿಂದ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದೆ. ಓವರ್‌ಕ್ಲಾಕ್ ಮಾಡುವವರೆಲ್ಲ ಹಾಗೇ ಮಾಡುತ್ತಾರೆ ಎಂದು ಸವಿತಾಳ ಪತ್ರಿಕೆಯಲ್ಲೇ ಇತ್ತು. ಆಮೇಲೆ ಆರುವುದು ಇನ್ನೂ ಹೆಚ್ಚಾಯಿತು. ಔಷಧಿ ಕೊಟ್ಟಷ್ಟೂ ಜ್ವರ ಏರುವ ಹಾಗೆ. ಕಂಪ್ಯೂಟರ್ ತಂದಾಗಲೇ ನಂಜುಂಡಣ್ಣ ಅದರ ರಕ್ಷಣೆಗೆಂದು ನೆಂಟರ ಮನೆಯ ಫ್ರಿಜ್ಜಿನ ಸ್ಟೆಬಿಲೈಸರ್ ತಂದು ಮುಂದಿನ ಕೋಣೆಯಲ್ಲಿ ಮೀಟರ್ ಹತ್ತಿರ ಹಾಕಿಸಿದ್ದರು, ಅದರಿಂದಲೇ ಒಳಗಿನ ಕಂಪ್ಯೂಟರಿಗೆ ವೈರು ಹೋಗಿತ್ತು. ನಾನು ಅದನ್ನು ನೋಡಿ ಒಳ್ಳೆಯದಾಯಿತು ಅಂದೆ. ಯುಪಿಎಸ್ ತರುವ ಮಾತು ಮುಂದಕ್ಕೆ ಹೋಗುತ್ತಲೇ ಇತ್ತು. ಇಷ್ಟಾದ ಮೇಲೆ ಅವರು ಒಂದು ನಿಂಬೆಹಣ್ಣನ್ನೂ ತಂದು ಮಾನಿಟರ್ ಮೇಲೆ ಇಟ್ಟರು. ಅದನ್ನೂ ನಾನು ತೆಗೆಯಲಿಲ್ಲ, ನನ್ನ ಹತ್ತಿರ ಅದಕ್ಕಿಂತ ಉತ್ತಮವಾದದ್ದು ಏನೂ ಇರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಕೊರೆಯುತ್ತಿದ್ದದ್ದು ಒಂದೇ. ನಾನು ಇದ್ದಾಗ ಅದು ಯಾಕೆ ಆರುವುದಿಲ್ಲ? ಬೇಕೆಂದೇ ಹೇಳದೆ ಕೇಳದೆ ಹೋಗಿ ನೋಡಿದೆ. ನಾನು ಕಾಲಿಟ್ಟ ಕೂಡಲೇ ಮಿಷನ್ ಸಭ್ಯವಾಗುತ್ತಿತ್ತು. ಸವಿತಾಳಿಗೂ ಈ ಅನುಮಾನ ಬಂದು, ನಿಮ್ಮ ಫೋಟೋ ಒಂದು ಇಲ್ಲಿ ಅಂಟಿಸಿಬಿಡ್ತೀನಿ ಸಾರ್ ಎಂದು ಒಮ್ಮೆ ತಮಾಷೆ ಮಾಡಿದಳು. ನಾನು ನಕ್ಕೆ. ಆದರೆ ನಗು ಬಂದದ್ದಲ್ಲ, ತಂದುಕೊಂಡದ್ದು.

ಆಷಾಢ ಮುಗಿಯುತ್ತಾ ಬಂತು. ಕೊನೆಯ ಸಲ ಹೋದದ್ದು ಸೋತೆನೆಂದು ಹೇಳಲಿಕ್ಕೆ. ಆ ಹೊತ್ತಿಗೆ ನಂಜುಂಡಣ್ಣ ಮಿಷನ್ ಕೊಳ್ಳಲು ಮೈಸೂರಿನಲ್ಲಿ ಒಬ್ಬರನ್ನು ಗೊತ್ತು ಮಾಡಿಯೂ ಆಗಿತ್ತು. ಸಂತೇಮರಹಳ್ಳಿಯ ಅತ್ತೆ ಬಂದು ಮಾತಾಡಿ ಹೋಗಿದ್ದರು. ಕತ್ತಲ ಕೋಣೆಯಲ್ಲಿ ಸವಿತಾ ಕೊನೆಯ ಮದುವೆಯೊಂದನ್ನು ಓಡಲು ಬಿಟ್ಟು ಸುಮ್ಮನೆ ಕೂತಿದ್ದಳು. ಕಣ್ಣು ಕೆಂಪಗಿತ್ತು. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು. ಬಾಗಿಲನ್ನು ಹಾಕದೆ ಹಾಗೇ ಹೊರಗೆ ಬಂದು, ನನ್ನ ಕೈಲಾದದ್ದು ಇಷ್ಟೇ ಅಣ್ಣ, ಬರ್ತೀನಿ ಅಂದೆ.

ನಂಜುಂಡಣ್ಣ ಒಳ್ಳೆಯ ಮನುಷ್ಯ. ಇಷ್ಟು ಸಲ ಬಂದಿದ್ದೀರಿ, ಬರಿಗೈಲಿ ಕಳಿಸಬಾರದು, ಒಂದು ಫೋಟೋ ತೆಗೆದುಕೊಡುತ್ತೇನೆ ಎಂದು ಸ್ಟೂಲಿನ ಮೇಲೆ ಕೂರಿಸಿದರು. ಬೇಡವೆಂದರೂ ಬಿಡಲಿಲ್ಲ. ಮುಖಕ್ಕೆ ಪೌಡರ್ ಹಚ್ಚಿಸಿ, ಗಲ್ಲ ಹಿಡಿದು ಎತ್ತರಿಸಿ, ಹೋಗಿ ದೀಪದ ಸ್ವಿಚ್ಚು ಹಾಕಿದರು. ಎರಡೂ ದೀಪ ಒಟ್ಟಿಗೆ ಭಗ್ಗನೆ ಹೊತ್ತಿಕೊಂಡವು. ಗೋಡೆಯ ಸ್ಟೆಬಿಲೈಸರ್ ಟಕ್ ಅಂತು. ತೆರೆದ ಬಾಗಿಲಿನಾಚೆ ಕಂಪ್ಯೂಟರ್ ಆರಿ, ಬೀಪ್ ಎಂದು ಮತ್ತೆ ಹೊತ್ತಿಕೊಂಡಿತು.

'ಹೋಯ್ತು' ಅಂದಳು ಸವಿತಾ ಒಳಗಿನಿಂದ.

ನಾನು ಪೌಡರ್ ಮುಖದಲ್ಲೇ ಕೂತಿದ್ದೆ. ದೀಪ ಆರಿಸಿ ಅಂದೆ, ಮಿಷನ್ ಎದ್ದು ನಿಲ್ಲಲಿ ಅಂದೆ, ಮತ್ತೆ ಹಾಕಿ ಅಂದೆ. ಟಕ್. ಮತ್ತೆ ಆರಿತು.

ವಿಷಯ ಇಷ್ಟೇ. ಆ ದೊಡ್ಡ ದೀಪಗಳು ಹೊತ್ತಿದ ಕೂಡಲೇ ಸೋತ ಲೈನಿನಲ್ಲಿ ವೋಲ್ಟೇಜು ಕುಸಿಯುತ್ತಿತ್ತು. ಕುಸಿದದ್ದನ್ನು ಎತ್ತಲು ಸ್ಟೆಬಿಲೈಸರ್ ಟಕ್ ಎಂದು ಒಂದು ತಂತಿಯಿಂದ ಇನ್ನೊಂದಕ್ಕೆ ಹಾರುತ್ತಿತ್ತು, ಹಾರುವ ಆ ಕ್ಷಣದಲ್ಲಿ ಕಂಪ್ಯೂಟರಿಗೆ ಕರೆಂಟೇ ಇಲ್ಲ. ಅಂಥ ಕ್ಷಣಕ್ಕೆಂದೇ ಎಸ್‌ಎಂಪಿಎಸ್ ತನ್ನೊಳಗೆ ಸ್ವಲ್ಪ ಕೂಡಿಟ್ಟುಕೊಂಡಿರುತ್ತದೆ. ಆ ಹಗುರ ಡಬ್ಬಿ ಕೂಡಿಟ್ಟದ್ದು ಮುನ್ನೂರರ ಓಟಕ್ಕೆ ಎಷ್ಟೋ ಸಲ ಸಾಲುತ್ತಿತ್ತು, ನಾನೂರೈವತ್ತಕ್ಕೆ ಸಾಲುತ್ತಿರಲಿಲ್ಲ. ನಾನು ವೋಲ್ಟೇಜು ಏರಿಸಿದ ಮೇಲೆ ಪ್ರೊಸೆಸರಿನ ಹಸಿವು ಇನ್ನೂ ಹೆಚ್ಚಾಗಿ, ಕೂಡಿಟ್ಟದ್ದು ಇನ್ನೂ ಬೇಗ ಖಾಲಿಯಾಗುತ್ತಿತ್ತು. ಶಾಲೆ ಶುರುವಾಗುವ ಕಾಲ, ಮಕ್ಕಳ ಪಾಸ್‌ಪೋರ್ಟ್ ಫೋಟೋಗೆ ದಿನವಿಡೀ ಜನ. ಬಂದವರಿಗೆಲ್ಲ ದೀಪ. ಧೂಳು ಬರಬಾರದೆಂದು ಕತ್ತಲ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿದ್ದರಿಂದ ಒಳಗಿದ್ದವಳಿಗೆ ದೀಪ ಕಾಣುತ್ತಿರಲಿಲ್ಲ, ಹೊರಗಿದ್ದವರಿಗೆ ಮಿಷನ್ ಕಾಣುತ್ತಿರಲಿಲ್ಲ.

ಹಾಗಾದರೆ ನಾನಿದ್ದಾಗ ಯಾಕಿಲ್ಲ ಎಂದು ಕೇಳಿದೆ. ನಂಜುಂಡಣ್ಣ ನನ್ನ ಕಡೆ ತಿರುಗಿದರು.

'ನೀವು ಬಂದಾಗ ನಾನ್ ಯಾರ್ಗೂ ಪೋಟೋ ತೆಗೀನಿಲ್ಲ ಸಾ' ಅಂದರು. 'ಎಂಜಿನಿಯರ್ರು ಬಂದವ್ರೆ, ಆಮೇಲ್ ಬನ್ನಿ ಅಂತ ಎಲ್ರುನೂವೆ ವಾಪಸ್ ಕಳಿಸ್ತಿದ್ದೆ. ದೊಡ್ ಮನುಷ್ರು ಬಂದು ಕೂತಿರ್ವಾಗ ಯಾಪಾರ ಮಾಡ್ಕಂಡಿರಕ್ ಆದಾದಾ?'

ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದ ಜನರನ್ನು ನಾನು ಪ್ರತಿ ಸಲವೂ ನೋಡಿದ್ದೆ. ಪಾಪ, ಅಣ್ಣನಿಗೆ ವ್ಯಾಪಾರ ಕಡಿಮೆ ಎಂದುಕೊಂಡಿದ್ದೆ.

ಅವರು ಇನ್ನೂ ಸ್ವಿಚ್ಚಿನ ಹತ್ತಿರವೇ ನಿಂತಿದ್ದರು. ಮಗಳು ಬಾಗಿಲಿಗೆ ಬಂದಳು. 'ಇಷ್ಟು ದಿನ ನಿನ್ನ ಬೈದ್ನಲ್ಲಮ್ಮಿ' ಅಂದರು. ಆಗ ಸವಿತಾ ಉಗುರುಬಣ್ಣದ ವಿಷಯವನ್ನು ತಾನಾಗಿಯೇ ಹೇಳಿಬಿಟ್ಟಳು. ಇನ್ನು ಗಲಾಟೆ ಎದ್ದೀತು ಎಂದು ನಾನು ಸ್ಟೂಲಿನ ಮೇಲೆ ಬಿಗಿಯಾಗಿ ಕೂತೆ. ಅವರು ಬೇಗ ಆಗೋದು ನಿಜವಾ ಎಂದು ಮಾತ್ರ ಕೇಳಿದರು. ನಿಜ ಅಂದಳು. ಮೈಸೂರಿನವರಿಗೆ ಮಿಷನ್ ಕೊಡೋದಿಲ್ಲ ಎಂದು ಅವತ್ತೇ ಹೇಳಿ ಕಳಿಸಿದರು.

ಮಾಡಬೇಕಾದದ್ದು ಸುಲಭವಿತ್ತು. ಫೋಟೋ ದೀಪಗಳಿಗೆ ಮೀಟರಿನಿಂದಲೇ ಬೇರೆ ಲೈನ್ ಎಳೆಸಿದೆವು. ಸ್ಟೆಬಿಲೈಸರ್ ತೆಗೆದು ಯುಪಿಎಸ್ ಹಾಕಿದೆವು. ನಾನು ಮೈಸೂರಿಗೆ ಹೋಗಿ ಗೋಡೌನಿನಲ್ಲಿದ್ದ ಎಸ್‌ಎಂಪಿಎಸ್‌ಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡಿ, ತುಂಬಾ ಭಾರವಾದದ್ದನ್ನು ಆರಿಸಿ ತಂದೆ. ಯಜಮಾನರು, ನಾನು ಮೊದಲೇ ಹೇಳಿರಲಿಲ್ಲವಾ ಅಂದರು. ಪ್ರೊಸೆಸರಿನ ವೋಲ್ಟೇಜನ್ನು ಮೊದಲಿನಷ್ಟಕ್ಕೇ ಇಳಿಸಿದೆ, ಅಷ್ಟರಲ್ಲೇ ನಾನೂರೈವತ್ತು ನಿಂತಿತು. ಹುಡುಗರೇ, ಈಗ ಇದೆಲ್ಲ ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಆದರೂ ವೇಗ ಏರಿಸುವ ಮೊದಲು ಅನ್ನ ಹಾಕುವವನ ಶಕ್ತಿ ಎಷ್ಟು ನೋಡಿ. ಗಿರಾಕಿಯ ಅಂಗಡಿಗೆ ಹೋದರೆ ಕಾಫಿ ಕುಡಿಯಿರಿ, ಆದರೆ ನಿಮ್ಮ ಕೆಲಸ ನೀವು ಮಾಡಿಕೊಳ್ಳಿ, ನಾನೊಬ್ಬ ಇಲ್ಲ ಅಂದುಕೊಳ್ಳಿ ಎಂದು ಮೊದಲೇ ಹೇಳಿಬಿಡಿ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ವರ್ಷ ಬೇರೆ ಕೆಲಸದ ಮೇಲೆ ಗುಂಡ್ಲುಪೇಟೆಗೆ ಹೋದವನು ಸ್ಟುಡಿಯೋಗೂ ಹೋದೆ. ಮುಂದಿನ ಕೋಣೆಯಲ್ಲಿ ಒಬ್ಬ ವಯಸ್ಸಾದ ರೈತರು ಪೌಡರ್ ಹಚ್ಚಿಕೊಂಡು ಗಲ್ಲ ಎತ್ತಿ ಕೂತಿದ್ದರು. ಈ ಸಲ ನಂಜುಂಡಣ್ಣ ಅವರನ್ನು ಕಳಿಸಲಿಲ್ಲ, ನನಗೆ ಕೂರಲು ಸನ್ನೆ ಮಾಡಿದರು. ಸ್ವಿಚ್ಚಿನ ಮೇಲೆ ಕೈಯಿಟ್ಟು, ಮುಚ್ಚಿದ ಕತ್ತಲ ಕೋಣೆಯ ಕಡೆ ತಿರುಗಿ ಕೂಗಿದರು: 'ಅಮ್ಮಿ, ಲೈಟ್ ಆಕ್ಲಾ?'

'ಒಸಿ ತಡಿಯಪ್ಪಾಜಿ' ಎಂದು ಒಳಗಿನಿಂದ ಉತ್ತರ ಬಂತು.

ಅವರು ತಡೆದರು. ರೈತರ ಕತ್ತು ನೋಯುತ್ತಿದ್ದಿರಬೇಕು, ಅವರೂ ತಡೆದರು. ನನಗೆ ಮತ್ತೆ ಹಳೆಯ ಗೊಂದಲ ಶುರುವಾಯಿತು. ಎದ್ದು ಹೋಗಿ, ಈಗ ದೀಪದ ಲೈನೇ ಬೇರೆಯಲ್ಲವೇ ಅಣ್ಣ, ಯಾವಾಗ ಬೇಕಾದರೂ ಹಾಕಬಹುದು, ಕೇಳುವ ಅಗತ್ಯವೇ ಇಲ್ಲ ಎಂದು ಮೆಲ್ಲಗೆ ಹೇಳಿದೆ.

'ಗೊತ್ತು ಸಾ' ಅಂದರು ಅವರು, ಸ್ವಿಚ್ಚಿನಿಂದ ಕೈ ತೆಗೆಯದೆ. 'ಬೇಕಾಗಿದ್ದಾಗ ಒಂದ್ ದಿನನೂ ಕೇಳ್ನಿಲ್ವಲ್ಲ ನಾನು.'

ಸ್ವಲ್ಪ ಹೊತ್ತಾದ ಮೇಲೆ ಸವಿತಾ ಹಾಕಪ್ಪಾಜಿ ಅಂದಳು. ಅವರು ದೀಪ ಹಾಕಿದರು.